ಮಗ್ಗದ ಮರ, ತವರಿನ ತೊಟ್ಟಿಲು

ಬನಹಟ್ಟಿಯೆಂದರೆ ಸೀರೆ ನೆನಪಾಗುತ್ತದೆ. ಅದನ್ನು ನೆಯ್ದ ಮರ ನೆನಪಾಗುವುದಿಲ್ಲ. 1948ರವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಈ ಊರಿನ ನೇಕಾರನು, ಮನೆಯೊಳಗೆ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ನೆಯ್ಯುತ್ತಿದ್ದನು. ಲಾಳಿ, ತುಳಿಗೆ, ಬಟ್ಟೆ ಸುತ್ತುವ ದಿಂಡು ಬಹುಮಟ್ಟಿಗೆ ಮರದವೇ. ಮುಂದೆ ವಿದ್ಯುತ್ತಿನ ಕಬ್ಬಿಣದ ಮಗ್ಗ ಬಂದಿತು; ಎಷ್ಟೋ ಮನೆಗಳಲ್ಲಿ ಮರದ ಮಗ್ಗ ಮೂಲೆ ಸೇರಿತು.

ಆದರೆ ಆ ಮರ ಒಲೆಗೆ ತಕ್ಕುದಲ್ಲ. ವರ್ಷಾನುವರ್ಷ ನೆರಳಿನಲ್ಲಿ ಒಣಗಿದ ಮರವು ಹಸಿಮರದಂತೆ ಸುಲಭವಾಗಿ ಸೊಟ್ಟಗಾಗದು, ಬಿರಿಯದು. ಮೊಳೆ ಕಿತ್ತು, ಹುಳು ತಿಂದ ಭಾಗವನ್ನು ಕೊಯ್ದು ತೆಗೆದರೆ, ದಿಂಡು ಲಟ್ಟಣಿಗೆಯಾದೀತು, ಹಲಗೆ ಮಣೆಯಾದೀತು, ಕಂಬ ತೊಟ್ಟಿಲ ಕಾಲಾದೀತು.

ಚೊಚ್ಚಲ ಬಾಣಂತನ ಮುಗಿಸಿ ಹೊರಡುವ ಮಗಳಿಗೆ ತವರಿನವರು ತೊಟ್ಟಿಲು ಕೊಡುವುದು ನಮ್ಮ ಕಡೆಯ ರೂಢಿ. ಅದು ಅಜ್ಜನ ಮಗ್ಗದ ಮರದ್ದಾದರೆ, ಪೇಟೆಯ ಯಾವ ತೊಟ್ಟಿಲೂ ಅದಕ್ಕೆ ಸಾಟಿಯಾಗದು. ಅರಸರ ಹೆಸರನ್ನು ದಫ್ತರಗಳು ಕಾಯ್ದಿಡುತ್ತವೆ; ನೇಕಾರನ ಹೆಸರನ್ನು ಮನೆಯವರೇ ಕಾಯಬೇಕು. ಹಳೆಯ ಮಗ್ಗವನ್ನು ಸೌದೆಯ ತೂಕಕ್ಕೆ ಮಾರುವ ಮುನ್ನ ಇಷ್ಟನ್ನು ನೆನೆದರೆ ಸಾಕು.