ಉಪ್ಪಾಗೆ: ಅಡುಗೆಮನೆಯಿಂದ ಔಷಧ ಮಾರುಕಟ್ಟೆಗೆ

ಇಡಗುಂಜಿಯ ಮಹಾಗಣಪತಿಗೆ ಗರಿಕೆ ಅರ್ಪಿಸಲು ಬರುವ ಭಕ್ತರು ಬಹಳ. ಆದರೆ ಅದೇ ಹೊನ್ನಾವರ ಸೀಮೆಯ ಘಟ್ಟದ ಕಾಡಿನಲ್ಲಿರುವ ಉಪ್ಪಾಗೆ ಮರವನ್ನು ಬಲ್ಲವರು ಕಡಿಮೆ. ಪುಟ್ಟ ಕುಂಬಳದಂತೆ ಸೀಳುಗಳುಳ್ಳ ಇದರ ಹಣ್ಣು ಮಳೆಗಾಲದಲ್ಲಿ ಮಾಗುತ್ತದೆ. ಒಣಗಿಸಿದ ಸಿಪ್ಪೆ ಅಡುಗೆಗೆ ಹುಳಿ. ಬೀಜದಿಂದ ತೆಗೆಯುವುದು ಉಪ್ಪಾಗೆ ತುಪ್ಪ. ಸಂಧಿವಾತಕ್ಕೆ, ಹೊಟ್ಟೆಯ ತೊಂದರೆಗೆ ಸಿಪ್ಪೆಯ ಕಷಾಯ ಕುಡಿಯುವುದು ಹಳೆಯ ರೂಢಿ.

ಈ ಮರದ ಪರಿಚಯ ಯೂರೋಪಿಗೂ ಹಿಂದೆಯೇ ಆಗಿತ್ತು. ಡಚ್ಚರ ಅಧಿಕಾರಿ ವಾನ್ ರೀಡ್ 1678ರಲ್ಲಿ ಪ್ರಕಟಿಸಿದ 'ಹೊರ್ತುಸ್ ಮಲಬಾರಿಕುಸ್'ನ ಮೊದಲ ಸಂಪುಟದಲ್ಲಿ ಇದು 'ಕೊಡಂಪುಳಿ' ಎಂಬ ಮಲೆಯಾಳಿ ಹೆಸರಿನಲ್ಲಿದೆ. 1965ರಲ್ಲಿ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು, ಇದರ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ತೋರಿಸಿದರು.

ಆ ಆಮ್ಲ ಬೊಜ್ಜು ಕರಗಿಸುತ್ತದೆಂಬ ಪ್ರಚಾರದಿಂದ 1990ರ ದಶಕದಲ್ಲಿ ಬೇಡಿಕೆ ಏರಿತು. ಉತ್ತರ ಕನ್ನಡದ ಕಾಡುಗಳಲ್ಲಿ ಕಾಯಿ ಮಾಗುವ ಮೊದಲೇ ಕೊಂಬೆ ಕಡಿದರು. ಮಳೆಯಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಸೌದೆ ಉರಿಸಿದರು. ಬೀಜ ನೆಲಕ್ಕೆ ಬೀಳದಿದ್ದರೆ ಹೊಸ ಸಸಿ ಹುಟ್ಟುವುದಾದರೂ ಹೇಗೆ?

ಇಷ್ಟಾಗಿ ಫಲವೇನು? 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ, ಈ ಔಷಧ ಹುಸಿಗುಳಿಗೆಗಿಂತ ಹೆಚ್ಚು ತೂಕ ಇಳಿಸಲಿಲ್ಲ. ಇದರ ಸಾರವಿರುವ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ಮುಂದೆ ವರದಿಯಾದವು.

ಸಾರಿನಲ್ಲಿ ಬೀಳುವ ಒಂದೆರಡು ಸಿಪ್ಪೆಗೂ ಗುಳಿಗೆಯಲ್ಲಿ ತುಂಬಿದ ಸಾರಕ್ಕೂ ಅಂತರವಿದೆ. ನಮ್ಮ ಹಿರಿಯರು ಬಲ್ಲದ್ದು ಮೊದಲನೆಯದನ್ನು. ಮಾಗಿ ಉದುರಿದ ಹಣ್ಣನ್ನಷ್ಟೇ ಆರಿಸಿ, ಒಂದಿಷ್ಟು ಬೀಜವನ್ನು ಕಾಡಿಗೇ ಬಿಟ್ಟರೆ ಉಪ್ಪಾಗೆ ಮುಂದಿನವರಿಗೂ ಉಳಿದೀತು.