ಸವೆಯುವ ಭಾಗದ ಚರಿತ್ರೆ: ದೇವರ ಹಿಪ್ಪರಗಿ ಪರಿಸರದ ಒಕ್ಕಲುತನದ ಸಾಧನಗಳು ಮತ್ತು ರೈಲು ಹಳಿಯ ಕ್ರಾಸಿಂಗ್

ಕನ್ನಡದಲ್ಲಿ 'ಹಳಿ' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಎತ್ತಿನ ಗಾಡಿಯ ಮರದ ಗಾಲಿಗೆ ಬಿಗಿದ ಕಬ್ಬಿಣದ ಬಳೆಯೂ ಹಳಿ, ರೈಲು ಓಡುವ ಉಕ್ಕಿನ ಕಂಬಿಯೂ ಹಳಿ. ಒಂದು ಗಾಲಿಯೊಡನೆ ಉರುಳುತ್ತದೆ, ಇನ್ನೊಂದು ಗಾಲಿಯ ಕೆಳಗೆ ಮಲಗಿರುತ್ತದೆ. ಎರಡೂ ಸವೆಯುವುದಕ್ಕಾಗಿಯೇ ಇರುವ ವಸ್ತುಗಳು ಎಂಬುದನ್ನು ಈ ಒಂದೇ ಹೆಸರು ನೆನಪಿಸುತ್ತದೆ. ಭೌತಿಕ ಸಂಸ್ಕೃತಿಯನ್ನು ಕುರಿತ ನಮ್ಮ ಜಾನಪದ ಅಧ್ಯಯನಗಳು ಸಾಧನಗಳ ಆಕಾರ, ಅಲಂಕಾರ, ಅವುಗಳಿಗೆ ಸಂಬಂಧಿಸಿದ ಆಚರಣೆಗಳನ್ನು ಸಾಕಷ್ಟು ದಾಖಲಿಸಿವೆ. ಆದರೆ ಸಾಧನದ ಯಾವ ಭಾಗ ಸವೆಯಬೇಕು, ಸವೆದುದನ್ನು ಯಾರು, ಎಲ್ಲಿ, ಎಷ್ಟು ಸುಲಭವಾಗಿ ಬದಲಿಸಬೇಕು ಎಂಬ ಪ್ರಶ್ನೆಯತ್ತ ಅವು ಹೆಚ್ಚು ಗಮನ ಹರಿಸಿಲ್ಲ. ರೈಲು ಮಾರ್ಗದ ತಾಂತ್ರಿಕ ಚರಿತ್ರೆಯಲ್ಲಿ ಇದೇ ಪ್ರಶ್ನೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕಾಡಿದೆ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ದೇವರ ಹಿಪ್ಪರಗಿಯಲ್ಲಿ ರೈಲು ನಿಲ್ದಾಣವಿಲ್ಲ. ಮೊದಲು ಸಿಂದಗಿ ತಾಲ್ಲೂಕಿಗೆ ಸೇರಿದ್ದು, ಈಗ ಸ್ವತಂತ್ರ ತಾಲ್ಲೂಕು ಕೇಂದ್ರವಾಗಿರುವ ಈ ಊರು ಹನ್ನೆರಡನೆಯ ಶತಮಾನದ ಶರಣ ಮಡಿವಾಳ ಮಾಚಯ್ಯನ ಊರೆಂದು ಪ್ರಸಿದ್ಧ. 1876–78ರ ಭೀಕರ ಬರದ ಅನಂತರ, ಕ್ಷಾಮ ಬಂದಾಗ ಧಾನ್ಯ ಸಾಗಿಸಲು ದಾರಿ ಬೇಕೆಂಬ ಒತ್ತಾಯದಿಂದ ಈ ಸೀಮೆಯಲ್ಲಿ ರೈಲು ಮಾರ್ಗದ ಯೋಜನೆ ಬಲಗೊಂಡಿತು. 1882ರಲ್ಲಿ ಸ್ಥಾಪಿತವಾದ ದಕ್ಷಿಣ ಮರಾಠಾ ರೈಲ್ವೆ ಕಂಪನಿಯು ಹೊಟಗಿಯಿಂದ ಗದಗಿನವರೆಗೆ ಮೀಟರ್ ಗೇಜ್ ಮಾರ್ಗವನ್ನು ಆ ದಶಕದಲ್ಲಿಯೇ ಹಾಕಿತು. ಇಂಡಿ ರೋಡ್, ವಿಜಾಪುರ, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳನ್ನು ಮುಟ್ಟುತ್ತ ಆ ಹಳಿ ಹಿಪ್ಪರಗಿಯ ಪಶ್ಚಿಮಕ್ಕೆ ಸರಿದು ಹೋಯಿತು. ಹಿಪ್ಪರಗಿಯ ಜೋಳದ ಚೀಲ ರೈಲು ಹತ್ತಬೇಕಾದರೆ ಮೊದಲು ಗಾಡಿ ಹತ್ತಬೇಕಿತ್ತು. ಅಂದರೆ ಎರಡು ಬಗೆಯ ಹಳಿಗಳು ಆ ನಿಲ್ದಾಣಗಳಲ್ಲಿ ಪರಸ್ಪರ ಭೇಟಿಯಾಗುತ್ತಿದ್ದವು.

ಈ ಭಾಗದ ಎರೆಭೂಮಿಯ ಸಾಧನಗಳನ್ನು ಮೊದಲು ನೋಡಬೇಕು. ಕುಂಟೆಯ ದಿಂಡು, ಈಸು, ಮೇಳಿ ಎಲ್ಲವೂ ಮರದವು, ಹೆಚ್ಚಾಗಿ ಜಾಲಿಯವು. ನೆಲವನ್ನು ಕೆರೆಯುವ ಕುಡ ಮಾತ್ರ ಕಬ್ಬಿಣದ್ದು. ಕೂರಿಗೆಯಲ್ಲಿ ಬೀಜ ಬೀಳುವ ಬಟ್ಟಲು ಮತ್ತು ಕೊಳವೆಗಳು ತಲೆಮಾರುಗಟ್ಟಲೆ ಬಾಳಬಹುದು, ಮಣ್ಣಿನಲ್ಲಿ ಓಡುವ ತಾಳಿನ ತುದಿ ಬಾಳದು. ರಂಟೆಯ ಕುಳವೂ ಅಷ್ಟೆ. ಗಮನಿಸಬೇಕಾದ ಸಂಗತಿಯೆಂದರೆ ಸವೆಯುವ ಕಬ್ಬಿಣವನ್ನು ಉಳಿಯುವ ಮರಕ್ಕೆ ಕೂಡಿಸಿದ ರೀತಿ. ಅಲ್ಲಿ ಇರುವುದು ಬೆಣೆ. ಬೆಣೆಯನ್ನು ಬಡಿದರೆ ಬಿಗಿ, ಹಿಂದಿನಿಂದ ಬಡಿದರೆ ಸಡಿಲ. ಹೊಲದ ಬದುವಿನಲ್ಲಿ ಕೈಗೆ ಸಿಕ್ಕ ಕಲ್ಲಿನಿಂದಲೇ ಕುಡವನ್ನು ಕಳಚಬಹುದು. ಕಳಚಿದ ಕುಡ ಕಂಬಾರನ ಕುಲುಮೆಗೆ ಹೋಗಿ, ಕಾದು, ಬಡಿಸಿಕೊಂಡು, ತೀರ ಸವೆದಿದ್ದರೆ ಹೊಸ ತುಂಡನ್ನು ಬೆಸೆಸಿಕೊಂಡು ಮರಳುತ್ತಿತ್ತು. ಮರದ ಕೆಲಸ ಬಡಿಗನದು. ಇಬ್ಬರಿಗೂ ಸುಗ್ಗಿಯಲ್ಲಿ ಕಣದ ಮೇಲೆ ಆಯ ಸಲ್ಲುತ್ತಿತ್ತು. ಕೆಲಸವೊಂದಕ್ಕೆ ಇಷ್ಟು ಎಂಬ ಕೂಲಿಯಲ್ಲದೆ, ವರ್ಷವಿಡೀ ಸಾಧನವನ್ನು ನಡೆಯುವಂತೆ ಇಡುವ ಹೊಣೆಗೆ ಕೊಡುವ ಧಾನ್ಯ ಇದು. ಆದ್ದರಿಂದ ಆಯ ಪದ್ಧತಿಯನ್ನು ಕೇವಲ ಜಾತಿ ಸಂಬಂಧಗಳ ಚೌಕಟ್ಟಿನಲ್ಲಿ ವಿವರಿಸಿದರೆ ಸಾಲದು. ಅದು ದುರಸ್ತಿಯ ವ್ಯವಸ್ಥೆಯೂ ಆಗಿತ್ತು. ಆ ವ್ಯವಸ್ಥೆಯಲ್ಲಿ ಕಂಬಾರನ ಸ್ಥಾನ ಮೇಲಿನದಾಗಿರಲಿಲ್ಲ ಎಂಬುದೂ ಅಷ್ಟೇ ನಿಜ. ಕಾಯಕವನ್ನೇ ಹೆಸರಾಗಿ ಹೊತ್ತ ಬಾಚಿಕಾಯಕದ ಬಸವಯ್ಯನಂಥ ಶರಣರ ಕಾಲದ ಆಶಯ ಊರ ವ್ಯವಹಾರದಲ್ಲಿ ಪೂರ್ತಿ ಇಳಿದಿರಲಿಲ್ಲ.

ಗಾಡಿಯ ಹಳಿಯದು ಇನ್ನೂ ಸೂಕ್ಷ್ಮವಾದ ವಿದ್ಯೆ. ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿ ಬಳೆಯನ್ನು ಮಾಡಿ, ಸುತ್ತಲೂ ಕುಳ್ಳು ಒಟ್ಟಿ ಕಾಯಿಸುತ್ತಾರೆ. ಕಾದು ಹಿಗ್ಗಿದ ಬಳೆಯನ್ನು ಇಕ್ಕಳಗಳಿಂದ ಎತ್ತಿ ಗಾಲಿಗೆ ತೊಡಿಸಿ ಕೂಡಲೇ ನೀರು ಸುರಿಯುತ್ತಾರೆ. ಕುಗ್ಗಿದ ಕಬ್ಬಿಣ ಮರದ ಕೀಲುಗಳನ್ನೆಲ್ಲ ಒಳಕ್ಕೆ ಅದುಮಿ ಬಿಗಿಗೊಳಿಸುತ್ತದೆ. ಕಡು ಬೇಸಗೆಯಲ್ಲಿ ಮರ ಒಣಗಿ ಹಳಿ ಸಡಿಲಾದರೆ ಗಾಲಿಯನ್ನು ನೀರಿನಲ್ಲಿ ನೆನೆ ಹಾಕುತ್ತಾರೆ, ಅದಕ್ಕೂ ಬಗ್ಗದಿದ್ದರೆ ಬಳೆಯನ್ನು ಕತ್ತರಿಸಿ ಕಿರಿದುಮಾಡಿ ಮತ್ತೆ ಬೆಸೆಯುತ್ತಾರೆ.

ಇದೇ ಕ್ರಿಯೆ ಉಗಿಬಂಡಿಯ ಕಾಲದ ರೈಲ್ವೆ ಕಾರ್ಖಾನೆಗಳಲ್ಲಿಯೂ ನಡೆಯುತ್ತಿತ್ತು ಎಂಬುದು ಅನೇಕರಿಗೆ ಅಚ್ಚರಿಯೆನಿಸಬಹುದು. ರೈಲಿನ ಗಾಲಿ ಆಗ ಒಂದೇ ತುಂಡಾಗಿರಲಿಲ್ಲ. ನಡುವಿನ ಚಕ್ರಕ್ಕೆ ಉಕ್ಕಿನ ಟೈರನ್ನು ಕಾಯಿಸಿ ತೊಡಿಸಿ, ತಣಿಸಿ ಬಿಗಿಯುತ್ತಿದ್ದರು. ಸವೆದಾಗ ಟೈರನ್ನು ಮಾತ್ರ ಬದಲಿಸಿದರೆ ಸಾಕು. ಬೆಸುಗೆಯಿಲ್ಲದ ಇಂಥ ಟೈರನ್ನು ಜರ್ಮನಿಯ ಆಲ್ಫ್ರೆಡ್ ಕ್ರುಪ್ 1850ರ ದಶಕದ ಆರಂಭದಲ್ಲಿ ರೂಪಿಸಿದ. ಅವನ ಸಂಸ್ಥೆಯ ಮೂರು ಬಳೆಗಳ ಲಾಂಛನ ಈ ಟೈರುಗಳದೇ ಚಿತ್ರ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಗೆ ಕೆಲಸಕ್ಕೆ ಸೇರಿದ ಕಂಬಾರ ಮನೆತನದವನಿಗೆ ಈ ಕೆಲಸದ ತತ್ತ್ವ ಹೊಸದಾಗಿರಲು ಸಾಧ್ಯವಿರಲಿಲ್ಲ. ಅವನಿಗೆ ಹೊಸದು ಅಳತೆ ಮತ್ತು ಶಿಸ್ತು ಮಾತ್ರ.

ಹಳಿಯ ವಿಷಯದಲ್ಲಿ ಮೊದಲ ಪ್ರಯೋಗ ವಿಫಲವಾಯಿತು. ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ಲಾಕ್ 1830ರ ದಶಕದಲ್ಲಿ ಎರಡು ತಲೆಯ ಹಳಿಯನ್ನು ಬಳಕೆಗೆ ತಂದ. ಮೇಲಿನ ತಲೆ ಸವೆದಾಗ ಹಳಿಯನ್ನು ಮಗುಚಿ ಹಾಕಿ ಕೆಳಗಿನ ತಲೆಯನ್ನು ಬಳಸಬಹುದೆಂಬುದು ಲೆಕ್ಕಾಚಾರ. ಆದರೆ ಹಳಿಯನ್ನು ಹಿಡಿದ ಕಬ್ಬಿಣದ ಪೀಠಗಳು ಕೆಳಗಿನ ತಲೆಯಲ್ಲಿ ತಗ್ಗು ಮಾಡಿಬಿಟ್ಟವು. ಮಗುಚಿದ ಹಳಿ ಗಡಗಡಿಸಿತು. ಬದಲಿಸುವ ಅನುಕೂಲವನ್ನು ಕಾಗದದ ಮೇಲೆ ಯೋಚಿಸುವುದಕ್ಕೂ ಭಾರದ ಕೆಳಗೆ ಕಾಣುವುದಕ್ಕೂ ಇರುವ ಅಂತರ ಇಲ್ಲಿ ತಿಳಿಯುತ್ತದೆ.

ಹಳಿಗಿಂತಲೂ ಬೇಗ ಸವೆಯುವುದು ಕ್ರಾಸಿಂಗ್. ಒಂದು ಹಳಿ ಇನ್ನೊಂದನ್ನು ದಾಟುವಲ್ಲಿ ಗಾಲಿಯ ಒಳ ಅಂಚು ತೂರಿ ಹೋಗಲು ಸಂದು ಬಿಡಲೇಬೇಕು. ಗಾಲಿಯು ಎರಡು ಬದಿಯ ರೆಕ್ಕೆ ಹಳಿಯಿಂದ ಆ ಸಂದನ್ನು ದಾಟಿ ಚೂಪಾದ 'ಮೂಗಿನ' ಮೇಲೆ ಬರುವಾಗ ಪ್ರತಿ ಸಲವೂ ಒಂದು ಪೆಟ್ಟು ಬೀಳುತ್ತದೆ. ಎದುರಿನ ಹಳಿಗೆ ಜೋಡಿಸಿದ ತಡೆಹಳಿ ಗಾಲಿಯನ್ನು ಆಚೆ ಎಳೆದು ಮೂಗನ್ನು ಕಾಪಾಡುತ್ತದೆಯೇ ಹೊರತು ಪೆಟ್ಟನ್ನು ತಪ್ಪಿಸಲಾರದು. ಭಾರತೀಯ ರೈಲ್ವೆಯಲ್ಲಿ ರೂಢಿಯಲ್ಲಿರುವ ಎಂಟೂವರೆಗೆ ಒಂದು, ಹನ್ನೆರಡಕ್ಕೆ ಒಂದು ಎಂಬ ಓರೆಗಳು ಈ ಮೂಗು ಎಷ್ಟು ಚೂಪು ಎಂಬುದನ್ನೇ ಸೂಚಿಸುತ್ತವೆ. ಮೂಗು ತೀರ ಸವೆದರೆ ಗಾಡಿ ಹಳಿ ತಪ್ಪುವ ಅಪಾಯವಿದೆ. ಆದ್ದರಿಂದಲೇ ಸವೆತವನ್ನು ಮಿಲಿಮೀಟರಿನಲ್ಲಿ ಅಳೆದು ಬರೆದಿಡುತ್ತಾರೆ.

ಹಳೆಯ ಬಗೆಯ ಕ್ರಾಸಿಂಗನ್ನು ಸಾಮಾನ್ಯ ಹಳಿಗಳನ್ನೇ ಹೆರೆದು, ನಡುವೆ ಗಟ್ಟಿಗಳನ್ನಿಟ್ಟು, ಬೋಲ್ಟುಗಳಿಂದ ಜೋಡಿಸಿ ಮಾಡುತ್ತಿದ್ದರು. ಸವೆದ ತುಂಡನ್ನು ಮಾತ್ರ ಬದಲಿಸಬಹುದಾದ್ದರಿಂದ ಇದು ಕುಂಟೆಯ ತತ್ತ್ವಕ್ಕೆ ಹತ್ತಿರದ್ದು. ಆದರೆ ಪ್ರತಿ ಜೋಡಣೆಯೂ ಸಡಿಲಾಗುವ ಒಂದು ಸ್ಥಳ. ಮಂದಗತಿಯ ಎತ್ತಿಗೆ ಅದು ತೊಂದರೆಯಲ್ಲ, ನೂರಾರು ಟನ್ನಿನ ಗಾಡಿಗೆ ತೊಂದರೆ. 1882ರಲ್ಲಿ ಶೆಫೀಲ್ಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಸುಮಾರು ನೂರಕ್ಕೆ ಹನ್ನೆರಡು ಪಾಲು ಮ್ಯಾಂಗನೀಸ್ ಬೆರೆತ ಉಕ್ಕನ್ನು ಕಂಡುಹಿಡಿದ. ಪೆಟ್ಟು ಬಿದ್ದಷ್ಟೂ ಮೇಲ್ಮೈ ಗಟ್ಟಿಯಾಗುವುದು ಇದರ ಗುಣ. ಕ್ರಾಸಿಂಗಿಗೆ ಇದಕ್ಕಿಂತ ತಕ್ಕ ಲೋಹವಿರಲಿಲ್ಲ. (20ನೆಯ ಶತಮಾನದಲ್ಲಿ ಸಂಡೂರಿನ ಬೆಟ್ಟಗಳಿಂದ ಹೊರಟ ಮ್ಯಾಂಗನೀಸ್ ಅದಿರು ಇದೇ ರೈಲಿನಲ್ಲಿ ಹೊರನಾಡಿಗೆ ಹೋಗುತ್ತಿತ್ತು ಎಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು.) ಈ ಉಕ್ಕಿನಿಂದ ಇಡೀ ಕ್ರಾಸಿಂಗನ್ನು ಒಂದೇ ಎರಕವಾಗಿ ಹೊಯ್ಯುವುದು ಒಂದು ದಾರಿಯಾಯಿತು. ಅಮೆರಿಕದಲ್ಲಿ ಇನ್ನೊಂದು ದಾರಿ ಪ್ರಚಾರಕ್ಕೆ ಬಂತು. ಪೆಟ್ಟು ಬೀಳುವ ನಡುವಿನ ತುಂಡನ್ನು ಮಾತ್ರ ಮ್ಯಾಂಗನೀಸ್ ಉಕ್ಕಿನಲ್ಲಿ ಎರಕ ಹೊಯ್ದು, ಸುತ್ತಲೂ ಸಾಮಾನ್ಯ ಹಳಿಗಳನ್ನು ಬೋಲ್ಟಿನಿಂದ ಬಿಗಿಯುವ ಕ್ರಮವದು. ದುಬಾರಿ ಲೋಹ ಸವೆಯುವ ಸ್ಥಳದಲ್ಲಷ್ಟೇ ಇರಲಿ ಎಂಬ ಈ ವಿವೇಕ ಕುಡಕ್ಕೆ ಕಬ್ಬಿಣ, ದಿಂಡಿಗೆ ಜಾಲಿ ಎಂದವನ ವಿವೇಕಕ್ಕಿಂತ ಬೇರೆಯಲ್ಲ.

ಭಾರತದಲ್ಲಿ ಮುಖ್ಯ ಮಾರ್ಗಗಳು ಏಕಎರಕದ ಕ್ರಾಸಿಂಗಿನತ್ತ ವಾಲಿದವು. ಗಾಲಿಯ ಕತೆಯೂ ಇದೇ ದಿಕ್ಕಿನದು. ಬ್ರೇಕಿನ ಕಾವಿಗೆ ಟೈರು ಸಡಿಲಾಗುವ ಭಯದಿಂದ ಒಂದೇ ತುಂಡಿನ ಗಾಲಿ ಬಂತು. 1984ರಲ್ಲಿ ಯಲಹಂಕದಲ್ಲಿ ಉದ್ಘಾಟನೆಗೊಂಡ ಗಾಲಿ ಮತ್ತು ಅಚ್ಚಿನ ಕಾರ್ಖಾನೆ ಅಂಥ ಎರಕದ ಗಾಲಿಗಳನ್ನೇ ತಯಾರಿಸುತ್ತದೆ. ಹೀಗೆ ಸವೆಯುವ ಭಾಗವೂ ಉಳಿಯುವ ಭಾಗವೂ ಒಂದಾಗಿಬಿಟ್ಟವು. ಅದಕ್ಕೆ ತೆತ್ತ ಬೆಲೆಯೆಂದರೆ, ಕೆಲವು ಮಿಲಿಮೀಟರ್ ಸವೆತಕ್ಕೆ ಇಡೀ ಎರಕವನ್ನು ಹೊರಗೆಳೆಯಬೇಕಾಗುವುದು. ಇದನ್ನು ತಡೆಯಲು ಸವೆದ ಮೂಗಿನ ಮೇಲೆ ಬೆಸುಗೆಯಿಂದ ಲೋಹವನ್ನು ತುಂಬಿ, ಉಜ್ಜಿ, ಮೊದಲಿನ ಆಕಾರಕ್ಕೆ ತರುತ್ತಾರೆ. ಮ್ಯಾಂಗನೀಸ್ ಉಕ್ಕು ಅತಿಯಾದ ಕಾವನ್ನು ತಾಳದೆ ಪೆಡಸಾಗುವುದರಿಂದ ಬೆಸುಗೆಗಾರ ತುಸು ತುಸುವೇ ಹಾಕಬೇಕು, ತಣಿಯಲು ಬಿಡಬೇಕು. ಬೆಂಕಿಯ ಬಣ್ಣ ನೋಡಿ ಕುಡವನ್ನು ಹೊರಗೆ ತೆಗೆಯುತ್ತಿದ್ದ ಕಂಬಾರನ ಕಣ್ಣು ಇಲ್ಲಿ ಬೇರೆ ರೂಪದಲ್ಲಿ ಮುಂದುವರಿದಿದೆ.

ರೈಲ್ವೆಯ ಮಾತಿನಲ್ಲಿಯೂ ಬೆಣೆ ಉಳಿದಿದೆ. ದಿನವೂ ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು ನೋಡುವವನನ್ನು 'ಕೀಮನ್' ಎನ್ನುತ್ತಾರೆ. ಹಳಿಯನ್ನು ಹಿಡಿದಿಡುತ್ತಿದ್ದ ಬೆಣೆಗಳನ್ನು ಸುತ್ತಿಗೆಯಿಂದ ಬಡಿದು ಬಿಗಿಮಾಡುತ್ತಿದ್ದುದರಿಂದ ಬಂದ ಹೆಸರು ಅದು. ಹೊಟಗಿ–ಗದಗ ಮಾರ್ಗ 2000ರ ದಶಕದಲ್ಲಿ ಬ್ರಾಡ್ ಗೇಜಾಯಿತು, ಬೆಣೆಯ ಜಾಗಕ್ಕೆ ಸ್ಪ್ರಿಂಗಿನಂಥ ಕ್ಲಿಪ್ಪು ಬಂತು, ಹೆಸರು ಮಾತ್ರ ಹಾಗೆಯೇ ಇದೆ. ಕೀಮನ್, ಗ್ಯಾಂಗ್‌ಮನ್‌ಗಳ ವೃತ್ತಿಪದಗಳನ್ನು ಕನ್ನಡದ ಕೃಷಿ ಮತ್ತು ಕರಕುಶಲ ಪದಕೋಶಗಳ ಮಾದರಿಯಲ್ಲಿ ಸಂಗ್ರಹಿಸುವ ಕೆಲಸ ಆಗಬೇಕು. ಆ ಪೀಳಿಗೆ ನಿವೃತ್ತಿಯಾದಂತೆ ಮಾತುಗಳೂ ಹೋಗುತ್ತವೆ.

ಹೊಲದಲ್ಲಿಯೂ ಈಗ ಬೋಲ್ಟು ಬಂದಿದೆ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಕಲ್ಟಿವೇಟರಿನ ಉಕ್ಕಿನ ಹಲ್ಲುಗಳಿಗೆ ಎರಡೂ ಕಡೆ ಮೊನೆಯಿರುತ್ತದೆ. ಒಂದು ಮೊನೆ ಸವೆದಾಗ ಬೋಲ್ಟು ಬಿಚ್ಚಿ ತಿರುಗಿಸಿ ಹಾಕಿದರೆ ಇನ್ನೊಂದು ಮೊನೆ ಕೆಲಸಕ್ಕೆ ಬರುತ್ತದೆ. ಜೋಸೆಫ್ ಲಾಕ್ ಹಳಿಯಲ್ಲಿ ಸಾಧಿಸಲಾರದೆ ಹೋದುದು ಎರೆಮಣ್ಣಿನಲ್ಲಿ ಕೈಗೂಡಿದೆ, ಏಕೆಂದರೆ ಇಲ್ಲಿ ಮೇಲೆ ನಿಂತ ಮೊನೆಗೆ ಪೆಟ್ಟು ಬೀಳುವುದಿಲ್ಲ. ಎರಡೂ ಮೊನೆ ಸವೆದ ಹಲ್ಲು ಮಾತ್ರ ಸಾಮಾನ್ಯವಾಗಿ ಕುಲುಮೆಗೆ ಹೋಗದೆ ಗುಜರಿಗೆ ಹೋಗುತ್ತದೆ, ಹೊಸದು ಅಂಗಡಿಯಿಂದ ರೊಕ್ಕಕ್ಕೆ ಬರುತ್ತದೆ.