ಹಂಚಿದ ದಿನಗಳು, ಹಂಚಿದ ಹೊಣೆ



ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಲ್ಲಿ ನಾನು ಮಾಧ್ಯಮಿಕ ಶಾಲೆ ಓದುತ್ತಿದ್ದಾಗ, ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗನೊಬ್ಬನಿಗೆ ಎರಡು ಮನೆಗಳಿದ್ದವು. ಅವನ ತಂದೆತಾಯಿಗಳು ಬೇರೆಯಾಗಿದ್ದರು. ಶಾಲೆಯ ದಿನಗಳಲ್ಲಿ ಅವನು ತಾಯಿಯ ತವರಿನಲ್ಲಿಯೂ ರಜೆಯಲ್ಲಿ ತಂದೆಯ ತೆಂಗಿನ ತೋಟದಲ್ಲಿಯೂ ಇರತಕ್ಕದ್ದೆಂದು ಹಿರಿಯರು ಕುಳಿತು ತೀರ್ಮಾನಿಸಿದ್ದರು. ಬೇಸಗೆಯ ಎರಡು ತಿಂಗಳು ತಂದೆ ತಾಯಿಗೆ ಕೊಡುತ್ತಿದ್ದ ಹಣವನ್ನು ನಿಲ್ಲಿಸುತ್ತಿದ್ದ. ಹುಡುಗ ಇಲ್ಲಿ ಉಣ್ಣುತ್ತಿರುವಾಗ ಅಲ್ಲಿಗೇಕೆ ಹಣ ಎಂಬುದು ಅವನ ಲೆಕ್ಕ. ಆದರೆ ಜೂನ್ ತಿಂಗಳ ಪುಸ್ತಕ, ಅಂಗಿ, ಫೀಜುಗಳೆಲ್ಲ ತಾಯಿಯ ಪಾಲಿಗೇ ಬೀಳುತ್ತಿದ್ದವು. ಒಂದು ವರ್ಷವಂತೂ ಅವನು ಆಗಸ್ಟ್‌ವರೆಗೂ ನನ್ನ ಪುಸ್ತಕದಲ್ಲಿಯೇ ಇಣುಕಿ ಓದಿದ.

ಮಗು ಯಾರ ಬಳಿ ಎಷ್ಟು ದಿನ ಇರಬೇಕು, ಅದಕ್ಕೆ ತಕ್ಕಂತೆ ಯಾರು ಎಷ್ಟು ಕೊಡಬೇಕು ಎಂಬ ಪ್ರಶ್ನೆ ಹೀಗೆ ಹಳೆಯದು. ಕೂಸನ್ನು ಸಾಕುವ ಹೊಣೆಯಿಂದ ಯಾರೂ ನುಣುಚಿಕೊಳ್ಳಲಾಗದೆಂಬ ಧರ್ಮಶಾಸ್ತ್ರದ ಮಾತನ್ನು, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ನಮ್ಮ ನೆಲದಲ್ಲಿಯೇ ಹುಟ್ಟಿದ ವಿಜ್ಞಾನೇಶ್ವರನ ಮಿತಾಕ್ಷರವೂ ಎತ್ತಿಹಿಡಿಯಿತು. ಆದರೆ ಗಂಗೆ ದೇವವ್ರತನನ್ನು ಬೆಳೆಸಿ ತಂದು ಶಂತನುವಿಗೆ ಒಪ್ಪಿಸಿದಾಗ, ಆ ವರ್ಷಗಳ ಸಾಕಣೆಯ ಲೆಕ್ಕವನ್ನು ಕೇಳಿದವರಿಲ್ಲ!

ಲೆಕ್ಕ ಶುರುವಾದದ್ದು ನ್ಯಾಯಾಲಯಗಳಲ್ಲಿ. ಬ್ರಿಟಿಷ್ ಇಂಡಿಯಾದ 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೆಯ ಕಲಮು, ಹೆಂಡತಿ ಮಕ್ಕಳನ್ನು ಕಡೆಗಣಿಸಿದವನಿಂದ ಜೀವನಾಂಶ ಕೊಡಿಸುತ್ತಿತ್ತು. ಆದರೆ ತಿಂಗಳಿಗೆ 50 ರೂಪಾಯಿ ಮೀರುವಂತಿರಲಿಲ್ಲ. ಆ ಮಿತಿ 1923ರಲ್ಲಿ 100ಕ್ಕೂ 1955ರಲ್ಲಿ 500ಕ್ಕೂ ಏರಿತು. 1974ರಿಂದ ಜಾರಿಗೆ ಬಂದ ಹೊಸ ಸಂಹಿತೆಯ 125ನೆಯ ಕಲಮಿನಲ್ಲಿಯೂ ಅದೇ 500 ಉಳಿಯಿತು. ಮಿತಿಯನ್ನು ತೆಗೆದುಹಾಕಿದ್ದು 2001ರಲ್ಲಿ.

ಹಣದ ಹೊಣೆ ತಂದೆಯೊಬ್ಬನದೇ ಎಂಬ ಭಾವನೆಯೂ ಕ್ರಮೇಣ ಸಡಿಲಿತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಆ ಹೊಣೆಯನ್ನು ತಂದೆ ತಾಯಿ ಇಬ್ಬರ ಮೇಲೂ ಇಟ್ಟಿತು. ದಂಪತಿಗಳಿಬ್ಬರೂ ಸಂಪಾದಿಸುತ್ತಿದ್ದ ಒಂದು ಮೊಕದ್ದಮೆಯಲ್ಲಿ, 2000ದಲ್ಲಿ ಸರ್ವೋಚ್ಚ ನ್ಯಾಯಾಲಯ ತಂದೆಗೆ ಎರಡು ಪಾಲು, ತಾಯಿಗೆ ಒಂದು ಪಾಲು ಎಂದು ವಿಧಿಸಿತು. ಅಲ್ಲಿ ಅಳತೆಗೋಲಾದದ್ದು ಸಂಪಾದನೆ, ದಿನಗಳಲ್ಲ.

ದಿನಗಳನ್ನೇ ಸಮನಾಗಿ ಹಂಚಿದ ತೀರ್ಪು ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯದಿಂದ 2013ರ ಸೆಪ್ಟೆಂಬರಿನಲ್ಲಿ ಬಂದಿತು. ಜನವರಿಯಿಂದ ಜೂನ್‌ವರೆಗೆ ಮಗು ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ. ಒಬ್ಬರ ಬಳಿ ಇರುವಾಗ ಶನಿವಾರ ಭಾನುವಾರಗಳಂದು ಇನ್ನೊಬ್ಬರು ಬಂದು ನೋಡಬಹುದು. ವಿದ್ಯಾಭ್ಯಾಸವೂ ಸೇರಿ ಮಗುವಿನ ವೆಚ್ಚವೆಲ್ಲ ಇಬ್ಬರಿಗೂ ಸಮಪಾಲು. ಭಾರತದ ಕಾನೂನು ಆಯೋಗ 2015ರ ತನ್ನ 257ನೆಯ ವರದಿಯಲ್ಲಿ ಈ ತೀರ್ಪನ್ನು ಉಲ್ಲೇಖಿಸಿ, ಜಂಟಿ ಪಾಲನೆಗೆ ಶಾಸನದಲ್ಲಿ ಎಡೆಯಿರಬೇಕೆಂದು ಶಿಫಾರಸು ಮಾಡಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ತೀರ್ಪು ವೆಚ್ಚವನ್ನು ಸಮನಾಗಿ ಹಂಚಿತೇ ಹೊರತು, ಮಗು ತನ್ನ ಬಳಿಯಿಲ್ಲದ ಆರು ತಿಂಗಳು ಯಾರನ್ನೂ ಹೊಣೆಯಿಂದ ಬಿಡುಗಡೆ ಮಾಡಲಿಲ್ಲ. ಅನ್ನದ ಖರ್ಚು ಮಗುವಿನೊಡನೆ ಮನೆಯಿಂದ ಮನೆಗೆ ಹೋಗುತ್ತದೆ, ನಿಜ. ಆದರೆ ಶಾಲೆಯ ಫೀಜು, ಬಾಡಿಗೆ, ಔಷಧ ನಡೆದಾಡುವಂಥವಲ್ಲ. ಎರಡು ಮನೆಗಳಾದರೆ ಹಾಸಿಗೆಯೂ ಎರಡಾಗಬೇಕು. ದಿನಗಳನ್ನು ಹಂಚಿದಾಗ ಒಟ್ಟು ವೆಚ್ಚ ಕುಗ್ಗುವ ಬದಲು ಹಿಗ್ಗುವುದೇ ಹೆಚ್ಚು. ಮೇಲಾಗಿ, ಒಬ್ಬರ ವರಮಾನ ಇನ್ನೊಬ್ಬರದರ ಮೂರನೆಯ ಒಂದರಷ್ಟಿದ್ದರೆ ಸಮಪಾಲೂ ಸಮವಲ್ಲ.

ಬ್ರಿಟನ್ನಿನಲ್ಲಿ ರಾತ್ರಿಗಳನ್ನೇ ಎಣಿಸುವ ಪದ್ಧತಿಯಿದೆ. ವರ್ಷದಲ್ಲಿ 52 ರಾತ್ರಿ ಮಗು ಹಣ ಕೊಡುವವನ ಮನೆಯಲ್ಲಿ ಮಲಗಿದರೆ ಅವನು ಕೊಡತಕ್ಕ ಹಣದಲ್ಲಿ ಏಳನೆಯ ಒಂದು ಪಾಲು ಕಡಿತ. 175 ದಾಟಿದರೆ ಅರ್ಧದಷ್ಟು, ಮೇಲೆ ಇನ್ನಿಷ್ಟು. ಲೆಕ್ಕ ಖಚಿತ, ಹೇಗೆ ಬಂತೆಂದು ಇಬ್ಬರಿಗೂ ತಿಳಿಯುತ್ತದೆ. ಆದರೆ 51ನೆಯ ರಾತ್ರಿಗೂ 52ನೆಯ ರಾತ್ರಿಗೂ ನಡುವೆ ಹಣದ ಗೆರೆ ಎಳೆದಾಗ, ಮಗುವಿನ ನಿದ್ರೆಯೂ ಚೌಕಾಶಿಯ ಸರಕಾಗಬಹುದು. ನಮ್ಮ ಕಾನೂನಿನಲ್ಲಿ ಅಂಥ ಸೂತ್ರವಿಲ್ಲ. ನ್ಯಾಯಾಧೀಶರ ವಿವೇಚನೆಯೇ ಆಧಾರ. 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಇಬ್ಬರೂ ತಮ್ಮ ಆಸ್ತಿ ಮತ್ತು ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ವಿಧಿಸಿದ್ದರಿಂದ, ಆ ವಿವೇಚನೆಗೆ ಗಟ್ಟಿಯಾದ ನೆಲೆ ದೊರೆಯಿತು.

ಮಗುವಿನೊಡನೆ ಕಳೆಯುವ ದಿನಗಳು ತಂದೆಗೂ ತಾಯಿಗೂ ಸಲ್ಲಬೇಕಾದ ಭಾಗ್ಯ. ಅವುಗಳನ್ನು ಹಣ ಉಳಿಸುವ ಉಪಾಯವಾಗಿಯಾಗಲಿ, ಹಣ ಬಾರದಿದ್ದಾಗ ಬಾಗಿಲು ಮುಚ್ಚುವ ಅಸ್ತ್ರವಾಗಿಯಾಗಲಿ ಬಳಸಬಾರದು. ಊಟದ ಲೆಕ್ಕ ದಿನಗಳನ್ನು ಅನುಸರಿಸಲಿ. ಓದಿನ, ಆರೋಗ್ಯದ, ಸೂರಿನ ಲೆಕ್ಕ ಅವರವರ ಶಕ್ತಿಯನ್ನು ಅನುಸರಿಸಲಿ. ನಮ್ಮೂರ ಹಿರಿಯರು ಅಂದು ದಿನಗಳನ್ನು ನ್ಯಾಯವಾಗಿಯೇ ಹಂಚಿದ್ದರು. ಜೂನ್ ತಿಂಗಳ ಪುಸ್ತಕ ಯಾರದೆಂದು ಕೇಳುವುದನ್ನು ಮಾತ್ರ ಮರೆತಿದ್ದರು.



(ಬಾನುಲಿ ಭಾಷಣ)